ಕೆಂಪು ಬೆಳ್ಳುಳ್ಳಿಯ ಬೀಜ

ಹೊಳೆನರಸೀಪುರದ ನಮ್ಮ ಮನೆಯ ಹಿತ್ತಿಲಲ್ಲಿ ಅವ್ವ ಎರಡು ಜಾತಿಯ ಬೆಳ್ಳುಳ್ಳಿ ಹಾಕುತ್ತಿದ್ದಳು. ಬಿಳಿಯದರ ಬೀಜವನ್ನು ಅಪ್ಪ ಚನ್ನರಾಯಪಟ್ಟಣದ ಸಂತೆಯಿಂದ ತರುತ್ತಿದ್ದ. ದಪ್ಪ ಎಸಳು, ಸಲೀಸಾಗಿ ಸಿಪ್ಪೆ ಬಿಡುತ್ತಿತ್ತು, ಖಾರ ಕಡಿಮೆ. ಕೆಂಪಿನದು ಅಜ್ಜಿ ಕೊಟ್ಟ ಬೀಜ. ಅವ್ವ ಮದುವೆಯಾಗಿ ಬರುವಾಗ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದದ್ದು. ಗಡ್ಡೆ ಅಡಿಕೆಗಿಂತ ಒಂಚೂರು ದೊಡ್ಡದು, ಸುಲಿಯುವಷ್ಟರಲ್ಲಿ ಉಗುರಿನ ಸಂದಿಯೆಲ್ಲ ಉರಿಯುತ್ತಿತ್ತು. ಇಷ್ಟು ಸಣ್ಣದಕ್ಕೆ ಅಷ್ಟೊಂದು ಆರೈಕೆಯೇ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಅಪ್ಪ ಅವಳನ್ನು ರೇಗಿಸುತ್ತಿದ್ದ. ಅದರ ಒಗ್ಗರಣೆ ಬಿದ್ದ ದಿನ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದವನೂ ಅವನೇ.

ಕಾರ್ತಿಕದಲ್ಲಿ ಪಾತಿ ಕಟ್ಟಿ, ಬೂದಿ ಎರಚಿ, ಎಸಳು ಊರುವುದು ಅಕ್ಕನ ಮತ್ತು ನನ್ನ ಕೆಲಸ. ನಾನು ಅವಸರದವಳು, ಎಸಳನ್ನು ತಲೆಕೆಳಗು ಮಾಡಿ ಊರಿಬಿಡುತ್ತಿದ್ದೆ. ಅಕ್ಕ ಹಿಂದಿನಿಂದ ಬಂದು ಒಂದೊಂದನ್ನೇ ಕಿತ್ತು ಮೂತಿ ಮೇಲಕ್ಕೆ ಮಾಡಿ ಊರುತ್ತ, ನಿನ್ನ ಅತ್ತೆ ಪುಣ್ಯವಂತೆ ಎಂದು ನಗುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ ಎಲೆ ಹಳದಿಯಾದರೆ ನೀರು ನಿಲ್ಲಿಸಬೇಕು. ಕಿತ್ತು, ನೆರಳಲ್ಲಿ ಒಣಗಿಸಿ, ದಂಟುಗಳನ್ನು ಜಡೆ ಹೆಣೆದು ಒಲೆಯ ಮೇಲಿನ ಬಿದಿರು ಗಳುವಿಗೆ ನೇತುಹಾಕಬೇಕು. ಹೊಗೆ ಕುಡಿದ ಕೆಂಪು ಬೆಳ್ಳುಳ್ಳಿ ಬಾಣಂತಿಯ ಹತ್ತಿರ ಶೀತ ಸುಳಿಯಗೊಡುವುದಿಲ್ಲ ಎಂಬುದು ಅವ್ವನ ನಂಬಿಕೆ, ಅವಳಿಗಿಂತ ಮೊದಲು ಅಜ್ಜಿಯದು.

ಅಕ್ಕನನ್ನು ಅರಕಲಗೂಡಿಗೆ ಕೊಟ್ಟರು. ಮರುವರ್ಷ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಆ ವರ್ಷವೇ ಬೆಳ್ಳುಳ್ಳಿ ಕೀಳುವ ಕಾಲಕ್ಕೆ ಅಕಾಲದ ಮಳೆ ಹಿಡಿದು ಪಾತಿಯಲ್ಲೇ ಗಡ್ಡೆ ಕೊಳೆತಿತ್ತು. ಕೆಂಪಿನದು ಉಳಿದದ್ದು ಒಂದೇ ಜಡೆ. ಅದನ್ನು ಅವ್ವ ಬೀಜಕ್ಕೆಂದು ಎತ್ತಿಟ್ಟು, ಬಾಣಂತಿಗೆ ಸಂತೆಯ ಬಿಳಿ ಬೆಳ್ಳುಳ್ಳಿಯನ್ನೇ ತುಪ್ಪದಲ್ಲಿ ಹುರಿದು ಕೊಟ್ಟಳು. ಇದು ಖಾರವೇ ಇಲ್ಲ, ಆ ಕೆಂಪಿನದನ್ನೇ ಕೊಡು ಎಂದು ಅಕ್ಕ ಮಕ್ಕಳ ಹಾಗೆ ಕೇಳಿದಳು.

"ಅದು ಬೀಜಕ್ಕೆ ಇರ್ಲಿ ಕಣವ್ವ. ನಿನ್ನ ಮುಂದ್ಲ ಬಾಣಂತನಕ್ಕೂ ಬೇಕಲ್ಲ" ಎಂದಳು ಅವ್ವ.

ಶ್ರಾವಣದ ಜಡಿಮಳೆಯಲ್ಲಿ ಅಕ್ಕನಿಗೆ ಜ್ವರ ಬಂತು. ಬಾಣಂತಿ ಸನ್ನಿ ಎಂದರು. ಕಿವಿಗೆ ಬಟ್ಟೆ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟರೂ ಅವಳ ನಡುಕ ನಿಲ್ಲಲಿಲ್ಲ. ಕೊನೆಗೆ ನಾವು ಯಾರೆಂಬುದೂ ಅವಳಿಗೆ ತಿಳಿಯುತ್ತಿರಲಿಲ್ಲ. ಅಕ್ಕ ಹೋದಳು, ಹಿಂದೆಯೇ ಕೂಸೂ ಹೋಯಿತು. ಅವ್ವ ಅಳಲಿಲ್ಲ. ಮನೆ ತುಂಬ ಹೆಂಗಸರು ಬೋರೆಂದು ಅಳುತ್ತಿದ್ದಾಗ ಅವಳು ಒಲೆಯ ಮುಂದೆ ಕೂತು ಗಳುವಿನಲ್ಲಿ ತೂಗುತ್ತಿದ್ದ ಆ ಜಡೆಯನ್ನು ನೋಡುತ್ತಿದ್ದಳು. ನನಗೆ ಆಗ ಅದರ ಅರ್ಥವಾಗಲಿಲ್ಲ. ಮಗಳು ಸತ್ತರೂ ಕಣ್ಣೀರು ಬಾರದ ಇವಳೆಂಥ ತಾಯಿ ಎಂದು ನನಗೆ ಸಿಟ್ಟು ಬಂದಿತ್ತು.

ಆಮೇಲೂ ಅವ್ವ ಪ್ರತಿ ಕಾರ್ತಿಕದಲ್ಲಿ ಆ ಬೀಜ ಊರಿದಳು. ನಮ್ಮ ಅಡಿಗೆಗೆ ಮಾತ್ರ ಅದರ ಒಂದು ಎಸಳನ್ನೂ ಹಾಕಲಿಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಒಂದು ಹಿಡಿ ಕಳಿಸುತ್ತಿದ್ದಳು. ಒಂದು ಜಡೆ ಬೀಜಕ್ಕೆಂದು ಗಳುವಿನಲ್ಲೇ ಇರುತ್ತಿತ್ತು.

ಕೆಲವು ವರ್ಷ ಕಳೆದವು. ಎರಡನೆಯ ಮಹಾಯುದ್ಧದ ಕಾಲ ಅದು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಅಂಥದೊಂದು ಬಸ್ಸು ಇಳಿದು ಭಾವ ನಮ್ಮ ಮನೆಗೆ ಬಂದ. ಅವನು ಮತ್ತೆ ಮದುವೆಯಾದದ್ದು ನಮಗೆ ತಿಳಿದಿತ್ತು. ಜಗಲಿಯಲ್ಲಿ ತಲೆ ತಗ್ಗಿಸಿ ಕೂತು, ಅವಳಿಗೆ ತಾಯಿಯಿಲ್ಲ, ಮನೆಯಲ್ಲಿ ಬಾಣಂತನ ಮಾಡುವವರಿಲ್ಲ, ದಿನ ತುಂಬುತ್ತ ಬಂದಿದೆ ಎಂದು ಅಪ್ಪನಿಗೆ ಹೇಳಿದ. ಸತ್ತವಳ ಜಾಗಕ್ಕೆ ಬಂದವಳಿಗೆ ಸತ್ತವಳ ತವರೇ ತವರು ಎಂದು ನಮ್ಮ ಕಡೆ ಹೇಳುವುದುಂಟು. ಹೇಳುವುದು ಸುಲಭ. ನನಗಂತೂ ಅವನನ್ನು ನೋಡಿ ಮೈ ಉರಿಯಿತು. ಅಪ್ಪ ಒಳಬಾಗಿಲ ಕಡೆ ನೋಡಿದ. ಅತ್ತೆಯಾದವಳು ಅಳಿಯನೊಡನೆ ನೇರ ಮಾತಾಡುವ ಪದ್ಧತಿ ಇರಲಿಲ್ಲವಾದ್ದರಿಂದ ಅವ್ವ ಬಾಗಿಲ ಮರೆಯಿಂದ ನನಗೆ ಹೇಳಿದಳು:

"ಕರ್ಕೊಂಡ್ ಬಂದು ಬುಟ್ಟೋಗಾಕೆ ಹೇಳವ್ವ."

ಹುಡುಗಿ ನನಗಿಂತ ಬಹಳ ದೊಡ್ಡವಳೇನಲ್ಲ. ಬಂದವಳೇ ಯಾರೂ ಹೇಳದಿದ್ದರೂ ಅಕ್ಕನ ಕೋಣೆಯ ಹೊಸಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಅವಳೊಡನೆ ನೆಟ್ಟಗೆ ಮಾತಾಡಲಿಲ್ಲ. ಹೆರಿಗೆ ಸುಸೂತ್ರವಾಯಿತು, ಗಂಡು ಮಗು. ಹೊರಗೆ ಮತ್ತದೇ ಶ್ರಾವಣದ ಮಳೆ. ಅವ್ವ ದಿನವೂ ಕೆಂಪು ಗಡ್ಡೆ ಸುಲಿದು, ತುಪ್ಪದಲ್ಲಿ ಹುರಿದು, ಮೆಣಸಿನ ಸಾರಿನ ಜೊತೆ ಅವಳ ಮುಂದೆ ಇಟ್ಟು, ತಟ್ಟೆ ಖಾಲಿಯಾಗುವವರೆಗೂ ಎದುರಿಗೇ ಕೂತಿರುತ್ತಿದ್ದಳು. ಖಾರಕ್ಕೆ ಹುಡುಗಿಯ ಕಣ್ಣಲ್ಲಿ ನೀರು ಬರುತ್ತಿತ್ತು. ಬೇಡ ಎನ್ನುವ ಧೈರ್ಯ ಅವಳಿಗಿರಲಿಲ್ಲ.

ಗಳುವಿನ ಜಡೆಗಳು ಒಂದೊಂದಾಗಿ ಮುಗಿದವು. ಒಂದು ಬೆಳಿಗ್ಗೆ ಅವ್ವ ಬೀಜದ ಜಡೆಯನ್ನೇ ಕೆಳಗಿಳಿಸಿದಳು. ಹುಡುಗಿಗೆ ಆಗಲೇ ಮೈ ಗಟ್ಟಿಯಾಗಿತ್ತು, ಜ್ವರವಿರಲಿ ನೆಗಡಿಯೂ ಇರಲಿಲ್ಲ. ಅವಳಿಗೆ ಇನ್ನು ಬಿಳಿಯದು ಸಾಕು, ಅಜ್ಜಿಯ ಬೀಜ, ನಾಲ್ಕು ಗಡ್ಡೆಯನ್ನಾದರೂ ಇಡು ಎಂದು ನಾನು ಜಡೆಯ ತುದಿ ಹಿಡಿದುಕೊಂಡೆ. ನಾಳೆ ನನಗೂ ಬೇಕಾಗುತ್ತದೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅವ್ವ ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

"ಅವ್ಳಿಗೂ ಇಂಗೇ ಬೀಜ ಅಂತ ಎತ್ತಿಟ್ಟೆ ಕಣವ್ವ. ಬೀಜ ಉಳ್ಕೊಂತು, ಅವ್ಳು ಉಳೀನಿಲ್ಲ."

ಇಷ್ಟು ವರ್ಷ ಅವಳು ಹೊಟ್ಟೆಯಲ್ಲಿ ಏನನ್ನು ಇಟ್ಟುಕೊಂಡು ಒಲೆಯ ಮುಂದೆ ಕೂರುತ್ತಿದ್ದಳು ಎಂಬುದು ನನಗೆ ಆಗ ತಿಳಿಯಿತು. ಬೆಳ್ಳುಳ್ಳಿಯಿಂದ ಸನ್ನಿ ನಿಲ್ಲುತ್ತದೆಯೇ ಎಂದು ಈಗ ಯಾರಾದರೂ ಕೇಳಿದರೆ ಇಲ್ಲ ಎನ್ನುತ್ತೇನೆ. ಅವ್ವನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ನಂಬುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಅವಳೊಡನೆ ಸುಲಿದೆ. ಕೊನೆಯ ಎಸಳೂ ಬಾಣಲೆಗೆ ಬಿತ್ತು.

ಆಶ್ವಯುಜದಲ್ಲಿ ಭಾವ ಬಂದು ತಾಯಿ ಮಗುವನ್ನು ಕರೆದುಕೊಂಡು ಹೋದ. ಹೊರಡುವಾಗ ಹುಡುಗಿ ಅವ್ವನ ಕಾಲು ಹಿಡಿದು ಅತ್ತಳು. ಅವ್ವ ಮಗುವಿನ ನೆತ್ತಿ ಮೂಸಿ, ಮೆಲ್ಲಗೆ ಅವಳ ಕೈಗೆ ಕೊಟ್ಟಳು. ಆಗಲೂ ಅವ್ವನ ಕಣ್ಣು ಒಣಗಿಯೇ ಇತ್ತು.

ಕಾರ್ತಿಕ ಬಂತು. ಅಭ್ಯಾಸಬಲದಿಂದ ಅವ್ವ ಹಿತ್ತಿಲಿಗೆ ಹೋಗಿ ಎರಡು ಪಾತಿ ಕಟ್ಟಿದಳು, ಬೂದಿ ಎರಚಿದಳು. ನಾನು ಒಂದರಲ್ಲಿ ಬಿಳಿಯದನ್ನು ಊರಿದೆ, ಒಂದನ್ನೂ ತಲೆಕೆಳಗು ಮಾಡದೆ. ಇನ್ನೊಂದರ ಮುಂದೆ ಅವಳು ಬರಿಗೈಯಲ್ಲಿ ಕೂತಿದ್ದಳು. ಬೇರೆ ಎಲ್ಲಿಂದಾದರೂ ಬೀಜ ಹುಡುಕಿ ತರುತ್ತೇನೆ ಎಂದು ಅಪ್ಪ ಹೇಳಿದ. ಅವಳಿಗೆ ಕೇಳಿಸಿತೋ ಇಲ್ಲವೋ. ಆ ಖಾಲಿ ಮಣ್ಣಿನ ಮೇಲೆ ಎರಡೂ ಕೈ ಊರಿ, ಅಕ್ಕನ ಹೆಸರು ಹಿಡಿದು ಕೂಗಿ, ಅವ್ವ ಅಳುವುದಕ್ಕೆ ಶುರುಮಾಡಿದಳು.