ಮೇನೇಜರಿಗೆ ಚಹಾ ಇಲ್ಲ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೀ ಅಜ್ಜನ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತು; ಒಂದು ಸ್ಟೋವು, ಒಂದು ಹಲಗೆ, ಎರಡು ಬೆಂಚು, ತಲೆಯ ಮೇಲೊಂದು ತಗಡು, ಅಷ್ಟೇ. ಆದರೆ ಅಜ್ಜನ ಚಹಾದ ಬಗ್ಗೆ ಯಾರೂ ಹಗುರವಾಗಿ ಮಾತಾಡುವಂತಿರಲಿಲ್ಲ. ತಲೆನೋವಿಗೆ ಚಹಾ, ನೆಗಡಿಗೆ ಚಹಾ, ಮನೆಯಲ್ಲಿ ಜಗಳವಾಡಿ ಬಂದವನಿಗೆ ಸ್ವಲ್ಪ ಖಡಕ್ ಚಹಾ. ಅಜ್ಜನ ಲೆಕ್ಕದಲ್ಲಿ ಜಗತ್ತಿನ ಮದ್ದೆಲ್ಲ ಆ ಕೆಟಲಿನೊಳಗೇ ಇತ್ತು.

ಹಲಗೆಯ ಪಕ್ಕದ ಸ್ಟೂಲಿನ ಮೇಲೆ ಮೊಮ್ಮಗಳ ದರ್ಬಾರು. ಯಾರು ಲೋಟವನ್ನು ಬೆಂಚಿನ ಕೆಳಗೇ ಬಿಟ್ಟು ಹೋದರು, ಯಾರು ಕೇಳದೆ ಬಿಸ್ಕತ್ತಿಗೆ ಕೈಹಾಕಿದರು, ಎಲ್ಲದರ ಮೇಲೂ ಅವಳ ಕಣ್ಣು. ಗಿರಾಕಿಗಳು ಅವಳನ್ನು ಮೇನೇಜರ್ ಎಂದೇ ಕರೆಯುತ್ತಿದ್ದರು.

ಮೇನೇಜರ ಎಡಪಾದ ಹುಟ್ಟಿನಿಂದಲೇ ಒಳಕ್ಕೆ ತಿರುಗಿತ್ತು. ಪಾದದ ಅಂಚನ್ನೂರಿ ನಡೆದು ನಡೆದು ಅಲ್ಲಿ ಚರ್ಮ ದಡ್ಡುಗಟ್ಟಿತ್ತು. ಆಪರೇಷನ್ ಮಾಡಿದರೆ ಉಳಿದ ಮಕ್ಕಳ ಹಾಗೆ ಶೂ ಹಾಕಿಕೊಂಡು ಶಾಲೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಮೈಯಲ್ಲಿ ರಕ್ತ ಸಾಲದು, ಮೊದಲು ಅದು ಏರಲಿ ಎಂದು ಕಬ್ಬಿಣಾಂಶದ ಸಿರಪ್ ಬರೆದುಕೊಟ್ಟಿದ್ದರು. ಬಾಟಲಿ ಖಾಲಿಯಾಯಿತು, ರಕ್ತ ಏರಲಿಲ್ಲ, ಆಪರೇಷನ್ ಮುಂದಕ್ಕೆ ಹೋಯಿತು. ಮಗು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿತ್ತು. ಯಾರೂ ನೋಡದಾಗ ಗೋಡೆಯ ಸುಣ್ಣ ಕೆರೆದು ತಿನ್ನುತ್ತಿತ್ತು.

ಅಜ್ಜನ ಸಿಟ್ಟೆಲ್ಲ ಸೊಸೆಯ ಮೇಲೆ. ಮಗ ಲಾರಿ ಓಡಿಸುತ್ತ ಊರೂರು ಸುತ್ತುವವನು. ಸೊಸೆ ಬೆಳಿಗ್ಗೆಯೇ ಅಡುಗೆ ಮುಗಿಸಿ, ಮಗಳಿಗೆ ಡಬ್ಬಿ ಕಟ್ಟಿ, ಲಾಂಡ್ರಿಯ ಕೆಲಸಕ್ಕೆ ಓಡಬೇಕು. ಸಂಜೆ ಡಬ್ಬಿ ತೆರೆದರೆ ಮುಕ್ಕಾಲು ಪಾಲು ಹಾಗೇ ಇರುತ್ತಿತ್ತು.

"ನಿನ್ನ ಅಡುಗೆ ಮಗುವಿನ ಗಂಟಲಲ್ಲಿ ಇಳಿಯಲ್ಲ ಅಂದ್ರೆ ರಕ್ತ ಎಲ್ಲಿಂದ ಬರ್ಬೇಕು?" ಎಂದು ಅಜ್ಜ ಗಿರಾಕಿಗಳ ಎದುರೇ ಅವಳ ಮಾನ ಹರಾಜು ಹಾಕುತ್ತಿದ್ದ.

ಒಮ್ಮೆ ಮಾತ್ರ ಅವಳು ಧೈರ್ಯ ಮಾಡಿ ಬಾಯಿಬಿಟ್ಟಳು. "ಮಾವ, ಆಗಾಗ ಟೀ ಕುಡೀತಾನೇ ಇದ್ರೆ ಅವಳಿಗೆ ಹಸಿವಾದ್ರೂ ಹೇಗೆ ಆಗುತ್ತೆ?"

"ನನ್ನ ಟೀಗೇ ಹೆಸರಿಡ್ತೀಯಾ?" ಎಂದ ಅಜ್ಜ ಆಮೇಲೆ ಎಷ್ಟೋ ದಿನ ಅವಳ ಜೊತೆ ಮಾತು ಬಿಟ್ಟ. ಪಾಪ, ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಮುಂದಿನ ಸಲ ಡಾಕ್ಟರಿಗೆ ತೋರಿಸಬೇಕಾದ ದಿನ ಸೊಸೆಗೆ ರಜೆ ಸಿಗಲಿಲ್ಲ. ಅಜ್ಜನೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದ. ನರ್ಸಮ್ಮ ಮಗುವಿನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಬೆಳ್ಳಗೇ ಇತ್ತು.

"ಸಿರಪ್ ಸರಿಯಾಗಿ ಕೊಡ್ತಿದ್ದೀರಾ ಅಜ್ಜ?"

ಅಜ್ಜನ ಎದೆ ಉಬ್ಬಿತು. "ಒಂದು ದಿನಾನೂ ತಪ್ಪಿಸಿಲ್ಲ ಸಿಸ್ಟರ್. ಕಬ್ಬಿಣದ ವಾಸನೆ ಅಂತ ಮುಖ ಸಿಂಡರಿಸ್ತಾಳೆ. ಅದಕ್ಕೇ ನಾನೇ ಒಂದು ಉಪಾಯ ಮಾಡಿದ್ದೀನಿ. ಟೀಯಲ್ಲಿ ಬೆರೆಸಿ ಕೊಟ್ಟುಬಿಡ್ತೀನಿ. ಗಟಗಟ ಅಂತ ಕುಡೀತಾಳೆ."

ನರ್ಸಮ್ಮ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸ್ಟೂಲು ಎಳೆದುಕೊಂಡು ಅಜ್ಜನ ಎದುರು ಕೂತರು. "ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಟೀ ತಡೆಯುತ್ತೆ ಅಜ್ಜ. ಔಷಧಿಯದ್ದೂ ಅಷ್ಟೇ, ಊಟದ್ದೂ ಅಷ್ಟೇ. ಮೇಲಿಂದ ಹಸಿವೂ ಸತ್ತುಹೋಗುತ್ತೆ. ಸಿರಪ್ಪನ್ನ ನಿಂಬೆಹಣ್ಣಿನ ನೀರಿನ ಜೊತೆ ಕೊಡಿ. ಬೇಳೆ, ಸೊಪ್ಪು, ಮೊಟ್ಟೆ ತಿನ್ಲಿ. ಮಕ್ಕಳಿಗೆ ಟೀ ಬೇಡವೇ ಬೇಡ."

"ನನ್ನ ಟೀನಾ?" ಅಂದ ಅಜ್ಜ. ಹಾಲು ಜಾಸ್ತಿ ಹಾಕುತ್ತೇನೆ, ಒಳ್ಳೆ ಪುಡಿ ತರುತ್ತೇನೆ ಎಂದೆಲ್ಲ ಹೇಳಬೇಕೆಂದುಕೊಂಡ. ಕೊನೆಗೆ ಮಗುವನ್ನು ಎತ್ತಿಕೊಂಡು ಎದ್ದ.

ಸಂಜೆ ಸೊಸೆ ಮಗಳನ್ನು ಕರೆದೊಯ್ಯಲು ಬಂದಾಗ ಬೆಂಚು ತುಂಬ ಜನರಿದ್ದರು. ಬೈಗುಳಕ್ಕೆ ಸಿದ್ಧಳಾಗಿ ಅವಳು ತಲೆತಗ್ಗಿಸಿ ನಿಂತಳು. ಅಜ್ಜ ಸೌಟು ಕೆಳಗಿಟ್ಟ.

"ನಿನ್ನ ಅಡುಗೆಯಲ್ಲಿ ತಪ್ಪಿರಲಿಲ್ಲಮ್ಮ. ತಪ್ಪೆಲ್ಲ ಇದರಲ್ಲಿತ್ತು," ಎಂದು ಕೆಟಲು ತೋರಿಸಿದ. "ನಾನು ಪ್ರೀತಿ ಅಂತ ಕೊಟ್ಟೆ. ಅದೇ ಅವಳ ರಕ್ತಕ್ಕೆ ಅಡ್ಡ ನಿಂತಿತ್ತಂತೆ."

ಅವಳಿಗೆ ಆಡಿ ತೋರಿಸುವುದಕ್ಕೆ ಬೇಕಾದಷ್ಟಿತ್ತು. ಆಡಲಿಲ್ಲ. "ಸಿರಪ್ ಇನ್ನು ಯಾವುದರ ಜೊತೆ ಕೊಡ್ಬೇಕಂತೆ ಮಾವ?" ಎಂದಷ್ಟೇ ಕೇಳಿದಳು.

ಚಹಾ ನಿಂತಾಗ ಮೇನೇಜರು ಸುಮ್ಮನಿರಲಿಲ್ಲ. ಅತ್ತಳು, ಬಿಸ್ಕತ್ತಿನ ಡಬ್ಬ ಉರುಳಿಸಿದಳು, ಅಜ್ಜನ ಮಡಿಲಲ್ಲೇ ಕೂತು ಅಜ್ಜನ ಜೊತೆ ಟೂ ಬಿಟ್ಟಳು. ಅಜ್ಜ ಕಲ್ಲಾಗಿ ಕೂತು ನಿಂಬೆ ಹಿಂಡಿದ. ಕೆಲವು ದಿನಗಳಲ್ಲೇ ಮಧ್ಯಾಹ್ನವಾಗುವ ಮೊದಲೇ ಮಗು ತಾನಾಗಿ ಅಮ್ಮನ ಡಬ್ಬಿಯ ಮುಚ್ಚಳಕ್ಕೆ ಕೈಹಾಕತೊಡಗಿತು. ತಿಂಗಳುಗಳು ಕಳೆದವು, ಗೋಡೆಯ ಸುಣ್ಣ ಗೋಡೆಯಲ್ಲೇ ಉಳಿಯಿತು, ಕೆನ್ನೆಗೆ ಬಣ್ಣ ಬಂತು. ರಕ್ತ ಸಾಕಷ್ಟಿದೆ ಎಂದ ಡಾಕ್ಟರು ಆಪರೇಷನ್ ಮಾಡಿದರು.

ಪ್ಲಾಸ್ಟರು ಬಿಚ್ಚಿ, ನಡಿಗೆ ಪಳಗಿದ ಮೇಲೆ ಒಂದು ದಿನ ಮೇನೇಜರು ಎರಡೂ ಕಾಲಿಗೆ ಕಪ್ಪು ಶೂ ಹಾಕಿಕೊಂಡು, ಅಮ್ಮನ ಕೈಬಿಟ್ಟು, ಓಣಿಯ ಉದ್ದಕ್ಕೂ ಟಕಟಕ ನಡೆದು ಬಂದಳು. ಸ್ಟೂಲಿನತ್ತ ಹೋಗದೆ ನೇರವಾಗಿ ಬೆಂಚಿನ ಮೇಲೆ ಕೂತಳು.

"ಅಜ್ಜ, ಇವತ್ತು ನಾನು ಗಿರಾಕಿ. ಒಂದು ಟೀ."

ಬಂದ ಗಿರಾಕಿಯನ್ನು ಆಯುಷ್ಯದಲ್ಲೇ ಬರಿಗೈಲಿ ಕಳಿಸದ ಅಜ್ಜ ಕಣ್ಣೊರೆಸಿಕೊಂಡು ಹೇಳಿದ, "ಟೀ ಖಾಲಿಯಾಯ್ತಮ್ಮ."

ಹಿಂದೆ ಕೆಟಲು ಕೊತಕೊತ ಕುದಿಯುತ್ತಿತ್ತು. ಬೆಂಚಿನವರೆಲ್ಲ ತಂತಮ್ಮ ತುಂಬಿದ ಲೋಟಗಳನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಹುಡುಗಿ ಕೆಟಲು ನೋಡಿದಳು, ಅಜ್ಜನನ್ನು ನೋಡಿದಳು, ಕೊನೆಗೆ ನ್ಯಾಯ ಕೇಳಲು ಅಮ್ಮನತ್ತ ತಿರುಗಿದಳು.

"ನಿಮ್ಮಜ್ಜ ಖಾಲಿ ಅಂದ್ರೆ ಖಾಲಿ," ಎಂದಳು ಸೊಸೆ, ಮಾವನ ಪಕ್ಕಕ್ಕೆ ಬಂದು ನಿಂತು.