ಇಫ್ತಾರಿನ ಹೊತ್ತಿಗೆ ಕೆಟ್ಟ ಫರ್ಫೂರ್

ಲೆಲ್ಲಾ ದಲಂದಾ ನಮ್ಮ ಕೆರ್ಕೆನ್ನಾ ದ್ವೀಪದ ಕಡಲ ಸಂಶೋಧನಾ ಕೇಂದ್ರಕ್ಕೆ ಸೇರಿದಾಗ ಕಪ್ಪೆ ಬೊಂಡಾಸ ಎಂಬ ಮಸಿ ಕಾರುವ, ಹಲವು ತೋಳಿನ ಕಡಲಜೀವಿಯ ಬಗ್ಗೆ ವಿಜ್ಞಾನಕ್ಕೆ ಇದ್ದದ್ದು ಮಾರುಕಟ್ಟೆಯವರ ಕುತೂಹಲವೇ: ಬಲೆಗೆ ಎಷ್ಟು ಬೀಳುತ್ತದೆ, ತಕ್ಕಡಿಯಲ್ಲಿ ಎಷ್ಟು ತೂಗುತ್ತದೆ. ಮೀನುಗಾರನ ಮಗಳಾದ ಅವರು ವರ್ಷಗಟ್ಟಲೆ ಬೊಂಡಾಸದ ಹೊಟ್ಟೆ ಕೊಯ್ದು, ಮೊಟ್ಟೆ ಎಣಿಸಿ, ಮಸಿ ಹಿಡಿದ ಉಗುರುಗಳಲ್ಲೇ ಊರಿನ ಮದುವೆಗಳಿಗೆಲ್ಲ ಹೋಗಿಬಂದರು. ಆಮೇಲೆ ಗಾಳಿ ತಿರುಗಿತು. ಬೊಂಡಾಸ ರೆಪ್ಪೆ ಮಿಟುಕಿಸುವಷ್ಟರಲ್ಲಿ ಮೈಬಣ್ಣ ಬದಲಿಸುವುದು ಹೇಗೆ ಎಂದು ಎಲ್ಲರೂ ಅದರ ಹಿಂದೆ ಬಿದ್ದರು. ಈಗಂತೂ ಇದಕ್ಕೆ ನೆನಪಿದೆಯೇ, ತಾಳ್ಮೆಯಿದೆಯೇ, ತೋಳು ಬೀಸಿ ಒಂದರ ಜತೆ ಇನ್ನೊಂದು ಮಾತಾಡುತ್ತದೆಯೇ ಎಂದು ದೊಡ್ಡ ದೊಡ್ಡ ಪ್ರಯೋಗಾಲಯಗಳೇ ಕೇಳುತ್ತಿವೆ.

"ಇಷ್ಟು ದಿನ ಹೊಟ್ಟೆ ನೋಡಿದ್ದು ಸಾಕು, ಇನ್ನು ತಲೆ ನೋಡೋಣ" ಎಂದು ಲೆಲ್ಲಾ ಹೊರಟೇಬಿಟ್ಟರು. ನಿವೃತ್ತಿಗೆ ಹೆಚ್ಚು ಕಾಲವಿರದ ಹೆಂಗಸಿಗೆ ಆ ಉಮೇದು ಎಲ್ಲಿಂದ ಬಂತೋ! ಅವರ ತಂಡ ಎಂದರೆ ಗಾಝಿ ಎಂಬ ನಾನೊಬ್ಬನೇ. ಕೆಲಸ ತೊಟ್ಟಿ ತೊಳೆಯುವುದು. 'ತಾಂತ್ರಿಕ ಸಹಾಯಕ' ಅನ್ನುವುದು ಅಮ್ಮ ನನಗೆ ಹೆಣ್ಣು ನೋಡಲು ಹೋದಾಗ ಬಳಸುವ ಹೆಸರು.

ಪ್ರಯೋಗ ಸರಳ. ತೊಟ್ಟಿಯೊಳಗೆ ಗಾಜಿನ ಎರಡು ಬಾಗಿಲು. ಒಂದರ ಹಿಂದೆ ಏಡಿಯ ತುಂಡು, ಆ ಬಾಗಿಲು ಕೂಡಲೇ ತೆರೆಯುತ್ತದೆ. ಇನ್ನೊಂದರ ಹಿಂದೆ ಬೊಂಡಾಸಕ್ಕೆ ಪ್ರಾಣವಾದ ಜೀವಂತ ಸಿಗಡಿ, ಅದು ಸ್ವಲ್ಪ ಹೊತ್ತಾದ ಮೇಲೆ. ಏಡಿ ಮುಟ್ಟಿದರೆ ಸಿಗಡಿ ಇಲ್ಲ. ದೂರದ ಯಾವುದೋ ಪ್ರಯೋಗಾಲಯದಲ್ಲಿ ಬೊಂಡಾಸಗಳು ಸಿಗಡಿಗಾಗಿ ಕಾದಿದ್ದವು. ನಮ್ಮ ಕೊಲ್ಲಿಯವೂ ಕಾಯುತ್ತವೆಯೇ? ಹೊತ್ತು ಮುಳುಗುವಾಗ ಅವಕ್ಕೆ ಬೇಟೆಯ ಹುರುಪು. ಹಾಗಾಗಿ ಪರೀಕ್ಷೆ ಆಗಲೇ. ನಮ್ಮ ತೊಟ್ಟಿಯ ಬೊಂಡಾಸ ಫರ್ಫೂರ್ ಕಾದ! ಏಡಿಗೆ ಬೆನ್ನು ಹಾಕಿ, ಅದು ಕಣ್ಣಿಗೇ ಬೀಳದಂತೆ ಕೂತು ಕಾದ. ಲೆಲ್ಲಾ ಮಗು ನಡೆಯಿತೆಂಬಂತೆ ಚಪ್ಪಾಳೆ ತಟ್ಟಿದರು.

ಆಮೇಲೆ ರಂಜಾನ್ ಬಂತು, ಫರ್ಫೂರ್ ಕೆಟ್ಟ. ದಿನಾ ಸಂಜೆ ಸಿಗಡಿ ಬಿಟ್ಟು ಏಡಿಗೇ ಹಾರತೊಡಗಿದ.

ಕೇಂದ್ರದ ಮುಖ್ಯಸ್ಥ ಸಿ ತುಹಾಮಿಗೆ (ನಮ್ಮಲ್ಲಿ ಗಂಡಸರಿಗೆ ಗೌರವದ 'ಸಿ', ಹೆಂಗಸರಿಗೆ 'ಲೆಲ್ಲಾ') ಹಗಲಿಡೀ ಸಿಗರೇಟಿಲ್ಲದೆ ಮೊದಲೇ ತಲೆ ಕೆಟ್ಟಿತ್ತು. "ಹಬ್ಬದೊಳಗೆ ಇದು ಕಾಯೋದನ್ನ ನನ್ನ ಕಣ್ಣಿಗೆ ತೋರಿಸಿ ಲೆಲ್ಲಾ. ಇಲ್ಲಾಂದ್ರೆ ಕೋಣೆ ಮೀನು ಸಾಕೋರಿಗೆ ಕೊಡ್ತೀನಿ. ಅವರ ಮೀನು ಯೋಚ್ನೆ ಮಾಡಲ್ಲ, ದಪ್ಪ ಆಗ್ತವೆ."

ಮನೆಯಲ್ಲಿ ಅಮ್ಮ ಬೇರೆ: "ಫೇಲಾದ್ರೆ ಇಲ್ಲಿಗೆ ತಾರೋ, ಕುಸ್ಕುಸ್‌ಗೆ ಹಾಕೋಣ."

ಲೆಲ್ಲಾರ ಮುಖ ಸಣ್ಣದಾಯಿತು. ಪರೀಕ್ಷೆಯ ಹೊತ್ತಿಗೆ ಅವರು ಅಡುಗೆಮನೆಯಲ್ಲಿ ನಮಗೆಲ್ಲ ಇಫ್ತಾರಿನ ಸಾರು, ಶೊರ್ಬಾ ಕುದಿಸುತ್ತಿದ್ದರು. ತೊಟ್ಟಿಯ ಪಕ್ಕ ಬಾಗಿಲು ಎತ್ತುವ ದಾರ ಹಿಡಿದು ಕೂರುತ್ತಿದ್ದವನು ನಾನು, ನನ್ನ ರಜೆಯ ದಿನ ಕಾವಲುಗಾರ ಶೆದ್ಲಿ. ಒಂದು ಸಂಜೆ ಲೆಲ್ಲಾರ ತಂಗಿಯ ಮನೆಯಿಂದಲೇ ಊಟ ಬಂತು. ಲೆಲ್ಲಾ ನನ್ನ ಪಕ್ಕ ಬಂದು ಕೂತರು. ಫರ್ಫೂರ್ ಸಿಗಡಿಯ ಬಾಗಿಲ ಮುಂದೆಯೇ ತೇಲುತ್ತಿದ್ದ. ನಾನು ಮಿನಾರಿನತ್ತ ಕತ್ತು ತಿರುಗಿಸಿ ಚಪ್ಪಲಿ ಹುಡುಕಿದೆ, ಅಷ್ಟೇ. ಅವನು ಸರಕ್ಕನೆ ತಿರುಗಿ ಏಡಿ ಹಿಡಿದ.

ಲೆಲ್ಲಾ ನನ್ನನ್ನೇ ನೋಡಿದರು. "ಗಾಝಿ, ಮೊದಲನೇ ಉಪವಾಸದ ದಿನ ಸಿಗಡಿ ಬಾಗಿಲು ಎತ್ತಿದ್ಯಾ?"

"ಅದು... ಅಷ್ಟರಲ್ಲಿ ಆಜಾನ್ ಆಯ್ತಲ್ಲ ಲೆಲ್ಲಾ."

"ಮಾರನೇ ದಿನ?"

"ಆವತ್ತು ಎಣ್ಣೇಲಿ ಗರಿಗರಿ ಬ್ರೀಕ್ ಕರಿದಿದ್ರಿ ನೀವು. ತಣ್ಣಗಾದ್ರೆ ಚೆನ್ನಾಗಿರಲ್ಲ."

"ಶೆದ್ಲಿ?"

ಬಾಗಿಲಲ್ಲಿದ್ದ ಶೆದ್ಲಿ ಕೆಮ್ಮಿದ. "ಇಫ್ತಾರ್ ತಡ ಮಾಡ್ಬಾರ್ದು ಅಂತಾರಲ್ವಾ..."

ಬೈಗುಳಕ್ಕೆ ಕಾದು ಕೂತೆ. ಲೆಲ್ಲಾ ಎದ್ದು ಕುಣಿಯುವುದೊಂದು ಬಾಕಿ! "ಅಯ್ಯೋ ಕತ್ತೆಗಳಾ, ಅವನು ಕೆಟ್ಟಿಲ್ಲ! ನೀವು ಎದ್ರೆ ಸಿಗಡಿ ಬರಲ್ಲ ಅಂತ ಕಲ್ತಿದಾನೆ. ಬರದೇ ಇರೋದಕ್ಕೆ ಯಾವನು ಕಾಯ್ತಾನೆ? ನಾವು ಅವನನ್ನ ನೋಡ್ತಿದೀವಿ ಅಂದ್ಕೊಂಡ್ವಿ, ಅವನು ನಮ್ಮನ್ನ ನೋಡ್ತಿದಾನೆ ಕಣೋ!"

ಮಾರನೆಯ ದಿನದಿಂದ ಹೊಸ ಶಿಸ್ತು. ಆಜಾನಿಗೆ ಮುಂಚೆಯೇ ಎಲ್ಲರೂ ಒಂದೊಂದು ಖರ್ಜೂರವನ್ನು ತುಟಿಯ ಹತ್ತಿರ ಹಿಡಿದು ನಿಲ್ಲಬೇಕು. ಆಜಾನ್ ಆದೊಡನೆ ಬಾಯೊಳಗೆ ಜಾರಿಸಬಹುದು, ಆದರೆ ಮೈ ಅಲುಗಬಾರದು. ಸಿಗಡಿಯ ಬಾಗಿಲು ಎತ್ತುವ ತನಕ ಶೊರ್ಬಾ ಹೆಸರೆತ್ತುವಂತಿಲ್ಲ. ಮೊದಮೊದಲು ಫರ್ಫೂರ್ ನಮ್ಮನ್ನು ನಂಬಲಿಲ್ಲ. ನನ್ನನ್ನು ನನ್ನ ಅಮ್ಮನೇ ನಂಬುವುದಿಲ್ಲ, ಅವನದೇನು ತಪ್ಪು? ಆದರೂ ದಿನದಿಂದ ದಿನಕ್ಕೆ ಅವನು ಸಿಗಡಿಯ ಬಾಗಿಲ ಮುಂದೆ ಹೆಚ್ಚು ಹೊತ್ತು ನಿಲ್ಲತೊಡಗಿದ.

ಹಬ್ಬದ ಹಿಂದಿನ ಸಂಜೆ ಸಿ ತುಹಾಮಿ ಬಂದರು. ಅವರ ಕೈಗೂ ಲೆಲ್ಲಾ ಖರ್ಜೂರ ಕೊಟ್ಟು ನಿಲ್ಲಿಸಿದರು. ಏಡಿಯ ಬಾಗಿಲು ತೆರೆಯಿತು. ಫರ್ಫೂರ್ ಅದರತ್ತ ಒಮ್ಮೆ ತೇಲಿ, ತಡೆದು, ಬೆನ್ನು ತಿರುಗಿಸಿದ. ಅಷ್ಟರಲ್ಲಿ ಆಜಾನ್! ಹೊಟ್ಟೆಯೊಳಗೆ ಡೋಲು ಬಡಿದರೂ ನಾನು ಕಂಬದಂತೆ ನಿಂತೆ. ಸಿ ತುಹಾಮಿಯ ಕೈ ಮಾತ್ರ ಖರ್ಜೂರ ಬಿಟ್ಟು ಮೆಲ್ಲಗೆ ಜೇಬಿನ ಸಿಗರೇಟಿನತ್ತ ಹೊರಟಿತು. ಫರ್ಫೂರನ ಮೈಮೇಲೆ ಪಟ್ಟೆಗಳು ಹರಿದಾಡಿದವು. ಏಡಿಯತ್ತ ಅರ್ಧ ತಿರುಗಿದ.

"ಸಿ ತುಹಾಮಿ, ಕೈ!" ಲೆಲ್ಲಾ ತುಟಿ ಅಲುಗದಂತೆ ಗದರಿದರು.

ಕೈ ಅಲ್ಲೇ ನಿಂತಿತು. ಮುಖ್ಯಸ್ಥರು ಉಸಿರನ್ನೂ ಹಿಡಿದರು. ಅವರು ಒಂದೇ ಕಡೆ ಇಷ್ಟು ಹೊತ್ತು ಸುಮ್ಮನೆ ನಿಂತದ್ದನ್ನು ನಾನು ಕಂಡೇ ಇರಲಿಲ್ಲ. ಫರ್ಫೂರ್ ನಮ್ಮೆಲ್ಲರನ್ನೂ ಒಮ್ಮೆ ನೋಡಿದ. ಮತ್ತೆ ಏಡಿಗೆ ಬೆನ್ನು ಹಾಕಿದ. ನಾನು ದಾರ ಎಳೆದೆ. ಬೇಟೆಗೆಂದೇ ಇರುವ ಅವನ ಎರಡು ಉದ್ದ ಕೈ ಚಿಮ್ಮಿದ್ದೇ ಕಾಣಲಿಲ್ಲ, ಸಿಗಡಿ ಮಾಯ!

ಕಿರುಚಿದ್ದು ಯಾರು ಮೊದಲೋ ಗೊತ್ತಿಲ್ಲ. ಶೆದ್ಲಿ ನನ್ನನ್ನು ತಬ್ಬಿಕೊಂಡ, ನಾನು ತೊಟ್ಟಿಯನ್ನು.

"ಕಾದ! ನಾನೇ ನೋಡಿದೆ, ಕಾದ!" ಸಿ ತುಹಾಮಿ ಸಿಗರೇಟು ಮರೆತು ಕೂಗಿದರು. "ಮೀನಿನವರಿಗೆ ಹಿಂದಿನ ಶೆಡ್ ಕೊಟ್ರಾಯ್ತು ಬಿಡಿ. ಈಗ ಊಟಕ್ಕೆ ಏಳಿ ಲೆಲ್ಲಾ."

ಲೆಲ್ಲಾ ಕದಲಲಿಲ್ಲ. ಖರ್ಜೂರವಿನ್ನೂ ಅವರ ತುಟಿಯ ಬಳಿಯೇ ಇತ್ತು. "ತಡೀರಿ. ಅವನು ತಿಂದು ಮುಗಿಸ್ಲಿ. ಈಗ ಎದ್ರೆ ಮತ್ತೆ ಏನು ಕಲೀತಾನೋ."

ನಾವೆಲ್ಲ ಮತ್ತೆ ಕಂಬಗಳಾದೆವು. ಆವತ್ತೂ ಬ್ರೀಕ್ ತಣ್ಣಗಾಯಿತು.