ಸಾಹಿತಿಗಳ ಊಟ ಯಾರ ಮನೆಯಲ್ಲಿ?

ಮೊನ್ನೆ ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ ಮನೆಗೆ ಬಂದು ಆಹ್ವಾನ ಪತ್ರಿಕೆಯೊಂದನ್ನು ಕೈಗಿಟ್ಟರು. ಅಚ್ಚಿನ ಶಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ. ವಿಷಯ 'ಆರೋಗ್ಯ ಮತ್ತು ಸಾಮಾಜಿಕ ನ್ಯಾಯ'. ಮಾತಾಡಲು ಹೊರಗಿನಿಂದ ಒಬ್ಬ ಸಾಹಿತಿ, ಅವರಿಗೊಂದು ಹಾರ, ಶಾಲು, ಆಮೇಲೆ ಎಲ್ಲರಿಗೂ ಊಟ. ನಾನು ಕನ್ನಡಕ ಹುಡುಕುತ್ತಿರುವಾಗ ಅವರು ದನಿ ತಗ್ಗಿಸಿ, "ಸಾರ್, ಆ ರೈಟರು ವೆಜ್ಜೋ ನಾನ್‌ವೆಜ್ಜೋ ಗೊತ್ತಾಗ್ತಿಲ್ಲ. ಹೆಸರು ನೋಡಿದ್ರೂ ಗೊತ್ತಾಗಲ್ಲ. ನಿಮಗೇನಾದ್ರೂ ಐಡಿಯಾ ಇದ್ಯಾ?" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಅವರು ಏನೆಂದುಕೊಂಡರೋ ಪಾಪ. ಆದರೆ ಐವತ್ತರ ದಶಕದಲ್ಲಿ ನಮ್ಮ ಸೋದರಮಾವ ಇದೇ ಪ್ರಶ್ನೆಯನ್ನು ಇಷ್ಟು ನಾಜೂಕಿಲ್ಲದೆ ಕೇಳಿದ್ದ. ಆ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ, ಕಾರ್ಯದರ್ಶಿಗಳಿಗೆ ಹೇಳಲು ಆಗಲಿಲ್ಲ.

ಆಗ ನಮ್ಮೂರು ಮಾರೇನಹಳ್ಳಿ ಪೇಟೆಯ ಹೊರಗಿನ ಹಳ್ಳಿಯೇ ಆಗಿತ್ತು. ಈಗ ನೀವು ಸೀರೆ ಕೊಳ್ಳಲು ಹೋಗಿ ಗಾಡಿ ನಿಲ್ಲಿಸಲು ಜಾಗ ಸಿಗದೆ ಒದ್ದಾಡುವ ಕಡೆ ನಾವು ಹುರುಳಿ ಬೆಳೆಯುತ್ತಿದ್ದೆವು. ನನಗೆ ಇಪ್ಪತ್ತೆರಡು ವರ್ಷ. ರಾಜಾಜಿನಗರದ ಹೊಸ ಕಾರ್ಖಾನೆಯೊಂದರಲ್ಲಿ ಹಾಜರಿ ಬರೆಯುವ ಕೆಲಸ. ಊರಿನಲ್ಲಿ ಪತ್ರಿಕೆಯನ್ನು ಮೊದಲಿಂದ ಕೊನೆಯವರೆಗೆ ಓದುತ್ತಿದ್ದವನು ನಾನೊಬ್ಬನೇ ಆದ್ದರಿಂದ ಯುವಕರ ಸಂಘಕ್ಕೆ ನಾನೇ ಕಾರ್ಯದರ್ಶಿ. ಅಧ್ಯಕ್ಷರು ನಮ್ಮ ಮಾವ ಚನ್ನಪ್ಪ. ಅವನಿಗೆ ಐವತ್ತು ದಾಟಿತ್ತು, ಆದರೆ ಸಂಘದ ಒಂದೇ ಒಂದು ಕುರ್ಚಿ ಅವನ ಮನೆಯದು. ಅದರಲ್ಲಿ ಬೇರೆಯವರು ಕೂರುವುದು ಹೇಗೆ ಎಂದು ಯುವಕರೆಲ್ಲ ಸೇರಿ ಅವನನ್ನೇ ಯುವಕನನ್ನಾಗಿ ಮಾಡಿದ್ದೆವು.

ಸಂಘ ಅಲ್ಲಿಯವರೆಗೆ ಮಾಡಿದ ಘನಕಾರ್ಯವೆಂದರೆ ಎರಡು ನಾಟಕ ಮತ್ತು ಒಂದು ಜಗಳ. ಸಮಾಜಸೇವೆಯ ಹುಚ್ಚು ಹತ್ತಿಸಿದ್ದು ನರ್ಸಮ್ಮ. ಹೆರಿಗೆ ಮಾಡಿಸಲು ಸರ್ಕಾರ ನಮ್ಮೂರಿಗೆ ಆಕೆಯನ್ನು ಹಾಕಿ ನಾಲ್ಕು ತಿಂಗಳಾಗಿತ್ತು. ಹೆಸರು ಶಾಂತಮ್ಮ. ಮೂವತ್ತರ ಆಸುಪಾಸು, ಬಿಳಿ ಸೀರೆ, ಕೈಯಲ್ಲೊಂದು ಚರ್ಮದ ಚೀಲ, ಮಾತು ಕಡಿಮೆ. ಆಕೆಯ ಕೈಗುಣವನ್ನು ಊರೆಲ್ಲ ಹೊಗಳುತ್ತಿತ್ತು. ಆದರೆ ಇರಲು ಒಂದು ಕೋಣೆಯನ್ನು ಯಾರೂ ಕೊಟ್ಟಿರಲಿಲ್ಲ. ಆಕೆ ಯಾವ ಜನ ಎಂಬುದು ಗೊತ್ತಾಗಿರಲಿಲ್ಲ, ಅಷ್ಟೇ ಕಾರಣ. ದಿನಾ ಸಂಜೆ ಮಾಗಡಿ ರಸ್ತೆಯವರೆಗೆ ನಡೆದು ಬಸ್ಸು ಹಿಡಿದು ಪೇಟೆಗೆ ಹೋಗುತ್ತಿದ್ದಳು. ನಮ್ಮೂರಿನ ಕೂಸುಗಳಿಗೆ ಬಸ್ಸಿನ ವೇಳೆ ಗೊತ್ತಿರಲಿಲ್ಲ, ಅವು ಬರಬೇಕಾದಾಗಲೇ ಬರುತ್ತಿದ್ದವು.

ಒಂದು ದಿನ ಆಕೆ ನನ್ನನ್ನು ನಿಲ್ಲಿಸಿ ಕೇಳಿದಳು. "ತಿಂಗಳ ಕೊನೆಯೊಳಗೆ ಇಲ್ಲಿ ಮನೆ ಆಗ್ಲಿಲ್ಲ ಅಂದ್ರೆ ನನ್ನ ಬೇರೆ ಕಡೆ ಹಾಕ್ತಾರಂತೆ. ನಿಮ್ಮನೆ ಮುಂದಿನ ಕೋಣೆ ಖಾಲಿ ಇದೆಯಲ್ಲ?"

ಇತ್ತು. ಎರಡು ಕುಂಬಳಕಾಯಿ, ಒಂದು ಮುರಿದ ಮೊರ, ನನ್ನ ಸೈಕಲ್ಲು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ. "ನಮ್ಮವ್ವ ಒಪ್ಪಲ್ಲ" ಎಂದೆ. ಅವ್ವನನ್ನು ನಾನು ಕೇಳಿರಲೇ ಇಲ್ಲ. ಅಪ್ಪ ಇಲ್ಲದ ಮನೆ, ಮಾವ ಏನಂದಾನೋ ಎಂಬ ಅಳುಕು ನನಗೆ. ಅದನ್ನು ಹೇಳಲು ನಾಚಿಕೆಯಾಗಿ ಅವ್ವನ ತಲೆಗೆ ಕಟ್ಟಿದೆ. ನರ್ಸಮ್ಮ ತಲೆಯಾಡಿಸಿ ಹೋದಳು.

ಮನಸ್ಸಿಗೆ ಚುಚ್ಚಿತು. ಆಗ ನಾನು ಏನು ಮಾಡಿದೆ ಗೊತ್ತೆ? ಓದಿದವರು ಮಾಡುವುದನ್ನೇ ಮಾಡಿದೆ. ಸಭೆ ಏರ್ಪಡಿಸಿದೆ. ದೊಡ್ಡ ಸಾಹಿತಿಗಳನ್ನು ಕರೆಸೋಣ, ಅವರು ಆರೋಗ್ಯ, ಸಮಾನತೆ ಎಂದೆಲ್ಲ ಹೇಳಲಿ, ಊರಿನ ಮನಸ್ಸು ಕರಗಲಿ, ಯಾರಾದರೂ ಕೋಣೆ ಕೊಡಲಿ ಎಂದುಕೊಂಡೆ. ಯಾರಾದರೂ ಎಂದರೆ ನಾನಲ್ಲದೆ ಬೇರೆ ಯಾರಾದರೂ.

ಸಾಹಿತಿಗಳ ಹೆಸರು ಬೇಡ, ಅವರಿಗೆ ಮೊಮ್ಮಕ್ಕಳಿದ್ದಾರೆ. ಕಾವ್ಯನಾಮದಿಂದ ಬರೆಯುತ್ತಿದ್ದರು. ಮನೆ ರಾಜಾಜಿನಗರದಲ್ಲಿ, ಸುತ್ತ ಬರೀ ಖಾಲಿ ನಿವೇಶನಗಳ ನಡುವೆ. ಅವರನ್ನೇ ಆರಿಸಲು ಕಾರಣ, ಅವರದೊಂದು ಕಾದಂಬರಿಯಲ್ಲಿ ನಾಯಕಿ ಕ್ಷಯ ಬಂದು ಸಾಯುತ್ತಾಳೆ. ಆರೋಗ್ಯದ ಬಗ್ಗೆ ಮಾತಾಡಲು ಇಷ್ಟು ಅರ್ಹತೆ ಸಾಲದೆ?

ಮಾವನಿಗೆ ಸಭೆಯ ಬಗ್ಗೆ ತಕರಾರಿರಲಿಲ್ಲ. ಅವನ ಚಿಂತೆ ಊಟದ್ದು. "ಅವ್ರು ಯಾವ ಜನ ಅಂತ ತಿಳ್ಕೊಂಡು ಬಾ. ಕೇಳ್ಬೇಡ, ಸುಮ್ನೆ ತಿಳ್ಕೊಂಡು ಬಾ" ಎಂದ. "ನಮ್ಮನೇಲಿ ಉಣ್ಣದೆ ಎದ್ದೋದ್ರೆ ನಂಗೆ ಮರ್ಯಾದೆ ಹೋಯ್ತದೆ. ಉಂಡೋದ್ಮೇಲೆ ಅವ್ರು ಯಾರೋ ಅಂತ ಗೊತ್ತಾದ್ರೂ ಮರ್ಯಾದೆ ಹೋಯ್ತದೆ ಕಣ್ಲಾ."

ಸಮಾನತೆಯ ಕುರಿತು ಭಾಷಣ ಮಾಡುವವರ ಜಾತಿ ಪತ್ತೆಹಚ್ಚಲು ಹೊರಟೆ. ನಕ್ಕುಬಿಡಿ, ಪರವಾಗಿಲ್ಲ. ಆ ದಿನ ನನಗೆ ಅದರಲ್ಲಿ ತಮಾಷೆಯೇನೂ ಕಂಡಿರಲಿಲ್ಲ. ಸಾಹಿತಿಗಳ ಹಣೆ ನೋಡಿದೆ, ಬೋಳು. ಮೈಮೇಲೆ ಕತ್ತಿನವರೆಗೆ ಗುಂಡಿ ಹಾಕಿದ ಜುಬ್ಬ, ಒಳಗೆ ದಾರವಿದೆಯೋ ಲಿಂಗವಿದೆಯೋ ಏನೂ ಇಲ್ಲವೋ ಆ ದೇವರೇ ಬಲ್ಲ. ಅಡಿಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ಬಂತು, ಸರಿ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಸಂಸ್ಕೃತ ಶ್ಲೋಕ ಹೇಳಿದರು. ಗುಲಾಬಿ ಗಿಡದ ಬುಡದಲ್ಲಿ ಮೊಟ್ಟೆಯ ಸಿಪ್ಪೆ ಇತ್ತು, ಆದರೆ ಗಿಡಕ್ಕೆ ಪಕ್ಕದ ಮನೆಯಿಂದಲೂ ತಂದು ಹಾಕಿರಬಹುದು. ಕೊನೆಗೆ ಕಾಫಿ ಬಂತು. ಅವರು ಲೋಟವನ್ನು ಎತ್ತಿ ಕುಡಿಯುತ್ತಾರೋ ಕಚ್ಚಿ ಕುಡಿಯುತ್ತಾರೋ ಎಂದು ಕಣ್ಣು ಬಿಟ್ಟುಕೊಂಡು ಕೂತೆ. ಅವರು ಆರಲಿ ಎಂದು ಪಕ್ಕಕ್ಕಿಟ್ಟು ಮರೆತರು.

ಸುಳ್ಳು ಹೇಳಬಾರದು, ನರ್ಸಮ್ಮನ ವಿಷಯವನ್ನೂ ಅವರಿಗೆ ತಿಳಿಸಿದೆ. "ಹೂಂ" ಎಂದು ನಶ್ಯ ಏರಿಸಿದರು.

ವರದಿ ಕೇಳಿದ ಮಾವ ತಲೆ ಕೆರೆದುಕೊಂಡ. ನಂತರ ಅಧ್ಯಕ್ಷರ ಗತ್ತಿನಲ್ಲಿ ತೀರ್ಪು ಕೊಟ್ಟ. ಊಟ ತನ್ನ ಮನೆಯಲ್ಲಿ ಬೇಡ, ತಂಗಿಯ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದ ಅಡಿಗೆ. ಅದನ್ನೂ ಒಲ್ಲೆ ಎಂದರೆ ಹಾಲು, ರಸಬಾಳೆ ಹಣ್ಣು, ಅವಕ್ಕೆ ಯಾರ ಮನೆಯದಾದರೂ ದೋಷವಿಲ್ಲ. ನೋಡಿ, ಒಬ್ಬ ಅಪರಿಚಿತನ ಒಂದು ಹೊತ್ತಿನ ಊಟಕ್ಕೆ ನಾವು ಎರಡು ವಾರದಲ್ಲಿ ದಾರಿ ಹುಡುಕಿದೆವು. ನಾಲ್ಕು ತಿಂಗಳಾದರೂ ನರ್ಸಮ್ಮನಿಗೆ ಮಾತ್ರ ದಾರಿ ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಸಭೆ. ಬಟ್ಟೆಗೆ ಹಾಕುವ ನೀಲಿಯಿಂದ ನಾನೇ ಬರೆದ ಫಲಕ, ಬಾಡಿಗೆಯ ಮೈಕು. ನರ್ಸಮ್ಮ ಹೆಂಗಸರ ಸಾಲಿನ ಕೊನೆಯಲ್ಲಿ ಕೂತಿದ್ದಳು. ಸಾಹಿತಿಗಳು ಮುಕ್ಕಾಲು ಗಂಟೆ ತಮ್ಮ ನಾಯಕಿಯ ಕೆಮ್ಮನ್ನು ವರ್ಣಿಸಿದರು. ಹಿಂದಿನ ಸಾಲಿನಲ್ಲಿ ಇಬ್ಬರಿಗೆ ನಿಜವಾಗಿಯೂ ಕೆಮ್ಮು ಬಂತು. ಮಾವ ಕುರ್ಚಿಯಲ್ಲಿ ಕೂತಂತೆಯೇ ನಿದ್ದೆಹೋದ. ನಾನು ಆಸೆ ಬಿಟ್ಟಿದ್ದೆ. ಆಗ ಅವರು ನಶ್ಯದ ಡಬ್ಬಿ ಮುಚ್ಚಿ, "ನಿಮ್ಮೂರಲ್ಲಿ ಒಬ್ಬ ನರ್ಸು ಇದಾರಂತೆ. ಇರೋಕೆ ಜಾಗ ಇಲ್ವಂತೆ. ಖಾಲಿ ಕೋಣೆ ಇರೋರು ಒಂದು ಕೈ ಎತ್ತಿ ನೋಡೋಣ" ಎಂದರು.

ಯಾರೂ ಎತ್ತಲಿಲ್ಲ. ನಾನು ಕೈಯಲ್ಲಿದ್ದ ಕಾಗದವನ್ನು ಓದತೊಡಗಿದೆ. ಅದರಲ್ಲಿ ಓದುವಂಥದ್ದು ಏನೂ ಇರಲಿಲ್ಲ. ಮಾವನಿಗೆ ಎಚ್ಚರವಾಗಿ, ಸುತ್ತ ನೋಡಿ, ಏನೋ ಕೆಟ್ಟಿದೆ ಎಂದು ಗ್ರಹಿಸಿ ಗಟ್ಟಿಯಾಗಿ, "ಈಗ ವಂದನಾರ್ಪಣೆ" ಎಂದ.

ನಾನು ಎದ್ದೆ. ಚೆನ್ನಾಗಿಯೇ ಮಾತಾಡಿದೆ ಕೂಡ. ಸಾಹಿತಿಗಳಿಗೆ, ಅಧ್ಯಕ್ಷರಿಗೆ, ಮೈಕಿನವನಿಗೆ, ಜಮಖಾನ ಕೊಟ್ಟವರಿಗೆ, "ನಮ್ಮ ನರ್ಸಮ್ಮನವರಿಗೂ" ಧನ್ಯವಾದ ಹೇಳಿದೆ. ಚಪ್ಪಾಳೆ ಬಿತ್ತು.

ನಮ್ಮ ಮನೆಯಲ್ಲಿ ಸಾಹಿತಿಗಳು ಎಲೆಯ ಮುಂದೆ ಕೂತು ಒಂದು ತುತ್ತು ಸಾರನ್ನ ಉಂಡು ಅವ್ವನ ಕಡೆ ನೋಡಿದರು. "ಬೆಳ್ಳುಳ್ಳಿ ಹಾಕಿಲ್ವೇನಮ್ಮ? ರೈತರ ಮನೆ, ಭಾನುವಾರ ಬೇರೆ. ನಾನು ಬೆಳಗಿಂದ ಕೋಳಿ ಸಾರಿನ ಆಸೇಲಿದ್ದೆ." ಮಾವನ ಮುಖ ನೀವು ನೋಡಬೇಕಿತ್ತು. ಅವರು ಆಮೇಲೆ ಹಾಲನ್ನೂ ಕುಡಿದು, ಅರ್ಧ ಚಿಪ್ಪು ಹಣ್ಣನ್ನೂ ಮುಗಿಸಿ, "ಆ ನರ್ಸಿಗೆ ಊಟ ಆಯ್ತಾ?" ಎಂದು ಕೇಳಿ ಜಟಕಾ ಹತ್ತಿದರು. ಅವರು ಯಾವ ಜನವೆಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಅಡಿಗೆಯ ಗಡಿಬಿಡಿಯಲ್ಲಿ ಅವ್ವ ಸಭೆಗೆ ಬಂದಿರಲಿಲ್ಲ. ಪಾತ್ರೆ ತೊಳೆಯುತ್ತ, "ಏನಂದ್ರು ಮಗ ಅವ್ರು?" ಎಂದಳು. ಹೇಳಿದೆ. ಕೈ ಎತ್ತಿ ಎಂದದ್ದನ್ನೂ ಹೇಳಿದೆ.

"ಆಗ ನೀನೇನ್ ಮಾಡ್ದೆ?"

"ವಂದನಾರ್ಪಣೆ ಮಾಡ್ದೆ ಕಣವ್ವ."

ಅವ್ವ ಚೊಂಬನ್ನು ಬೋರಲು ಹಾಕಿ ನನ್ನನ್ನೇ ನೋಡಿದಳು. "ಇಷ್ಟ್ ದಿನ ನನ್ನ ಯಾಕ್ಲಾ ಒಂದ್ ಮಾತು ಕೇಳ್ನಿಲ್ಲ?" ಎಂದಳು. ಅವಳು ಎದ್ದು ಹೋಗಿ ಸೈಕಲ್ಲನ್ನು ಹೊರಗೆ ಎಳೆದು ನಿಲ್ಲಿಸಿ, ಕೋಣೆ ಗುಡಿಸಿ, ಸಗಣಿ ಹಾಕಿ ಸಾರಿಸಿದಳು. ಮಾವ ಬಂದು ಗೊಣಗಿದ. ಅವ್ವ ತಲೆ ಎತ್ತಲಿಲ್ಲ.

ಮಾರನೆಯ ದಿನ ನಾನು ಮಾಗಡಿ ರಸ್ತೆಯವರೆಗೆ ಸೈಕಲ್ಲು ತುಳಿದು, ನರ್ಸಮ್ಮ ಬಸ್ಸಿಳಿಯುವುದನ್ನೇ ಕಾದು ಸುದ್ದಿ ಹೇಳಿದೆ. ಆಕೆ ಮುಗುಳ್ನಕ್ಕಳು. "ಕೆಂಗೇರಿಗೆ ಹಾಕಿದಾರೆ. ಶುಕ್ರವಾರಾನೇ ಆರ್ಡರ್ ಬಂತು. ಇವತ್ತು ಬಾಣಂತಿಯರನ್ನ ನೋಡಿ ಹೇಳಿ ಹೋಗೋಣ ಅಂತ ಬಂದೆ."

"ಮತ್ತೆ ನಿನ್ನೆ ಸಭೆಗೆ ಯಾಕೆ ಬಂದ್ರಿ?"

"ಯಾರಾದ್ರೂ ಒಬ್ರು ಕೈ ಎತ್ತಿದ್ರೆ, ಬೆಳಿಗ್ಗೇನೆ ಆಫೀಸಿಗೆ ಹೋಗಿ ಬದಲಾಯಿಸ್ಕೊಡಿ ಅಂತ ಕೇಳೋಣ ಅಂತಿದ್ದೆ. ಯಾರೂ ಎತ್ಲಿಲ್ಲ. ಇವತ್ತು ಇಲ್ಲಿಗೆ ಬರೋ ಮುಂಚೆ ಆಫೀಸಲ್ಲಿ ಒಪ್ಕೊಂಡು ಸಹಿ ಹಾಕಿ ಬಂದೆ."

ಆ ವರ್ಷ ನಮ್ಮೂರಿನ ಬಸುರಿಯರು ಮತ್ತೆ ಎತ್ತಿನ ಗಾಡಿಯಲ್ಲಿ ಪೇಟೆಯ ಆಸ್ಪತ್ರೆಗೆ ಹೋದರು. ಒಂದು ಕೂಸು ದಾರಿಯಲ್ಲೇ ತೀರಿಕೊಂಡಿತು. ನರ್ಸಮ್ಮ ಇದ್ದಿದ್ದರೆ ಉಳಿಯುತ್ತಿತ್ತು ಎಂದು ಯಾರೂ ನನಗೆ ಹೇಳಲಿಲ್ಲ, ಉಳಿಯುತ್ತಿರಲಿಲ್ಲ ಎಂದೂ ಹೇಳಲಿಲ್ಲ. ನನಗೆ ಈಗಲೂ ನಾಚಿಕೆಯಾಗುತ್ತದೆ. ಇಷ್ಟು ಹೊತ್ತು ನಿಮ್ಮನ್ನು ನಗಿಸಲು ನೋಡಿದ್ದು ಈ ಮಾತಿಗೆ ಬರುವುದನ್ನು ತಡಮಾಡಲಿಕ್ಕೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ನಮ್ಮ ಮಹಡಿಯ ಮನೆ ಎರಡು ತಿಂಗಳಿಂದ ಖಾಲಿ ಇದೆ. ಹೋದ ವಾರ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಕೇಳಿಕೊಂಡು ಬಂದಿದ್ದಳು. ಹೆಸರು ಕೇಳಿ, ಊರು ಕೇಳಿ, ಇನ್ನೂ ಏನೇನೋ ಸುತ್ತಿ ಬಳಸಿ ಕೇಳಿ, ನೋಡೋಣ ಎಂದು ಕಳಿಸಿದವನು ನಾನೇ. ನಂಬರು ಬರೆದಿಟ್ಟು ಹೋಗಿದ್ದಳು. ಎದ್ದು ಫೋನು ಮಾಡಿದೆ. "ಮನೆ ನಿನಗೇ ಕೊಡ್ತೀನಮ್ಮ, ಯಾವಾಗ ಬರ್ತೀಯ?" ಎಂದೆ.

ಅವಳು ಅನುಮಾನದಿಂದಲೇ ಕೇಳಿದಳು. "ಯಾರಾದ್ರೂ ನಿಮಗೆ ಹೇಳಿದ್ರಾ ಅಂಕಲ್, ನಂಗೆ ಮನೆ ಕೊಡಿ ಅಂತ?"

"ಹೇಳಿದ್ರು ಕಣಮ್ಮ" ಎಂದೆ. "ನಾನು ಕೇಳಿಸ್ಕೊಳ್ಳೋದು ತಡ ಆಯ್ತು."